ಇಟಗಿಯಲ್ಲಿ ಒಂದು ದಿನ, ನಾವಿಬ್ಬರೇ

ಈ ಸಲದ ಮದುವೆ ವಾರ್ಷಿಕೋತ್ಸವಕ್ಕೆ ಕೇಕೂ ಬೇಡ, ಸೀರೆನೂ ಬೇಡ, ಒಂದು ಪೂರ್ತಿ ದಿನ ನನ್ನ ಜೊತೆ ಇರ್ರಿ ಸಾಕು ಅಂತ ನಮ್ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆ. ಕೊಪ್ಪಳದಲ್ಲಿ ನಮ್ಮದು ತುಂಬಿದ ಮನೆ. ಅಂಗಡಿ, ಮಕ್ಕಳು, ಬಂದು ಹೋಗುವ ಬೀಗರು, ಇದೆಲ್ಲದರ ನಡುವೆ ನಾವಿಬ್ಬರೇ ಮಾತಾಡೋದು ಅಂದರೆ ರಾತ್ರಿ ಮಲಗೋ ಮುಂಚೆ ನಾಲ್ಕು ಮಾತು, ಅದೂ ಸ್ಕೂಲ್ ಫೀಸು, ಸಂಘದ ಕಂತು. ಮಕ್ಕಳು ಬೇಸಿಗೆ ರಜೆಗೆ ಸಿಂಧನೂರಿನ ನನ್ನ ತವರಿಗೆ ಹೋಗಿದ್ದರು. ಅತ್ತೆಯವರು ನಸುಕಿನಲ್ಲೇ ಎದ್ದು ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು "ಬಿಸಲ ಏರೂದ್ರೊಳಗ ಹೊಂಡ್ರಿ" ಅಂದರು.

ಬೈಕಿನಲ್ಲಿ ಮೊದಲು ಕುಕನೂರಿಗೆ ಹೋಗಿ ನವಲಿಂಗ ಗುಡಿ ನೋಡಿದೆವು. ರಾಷ್ಟ್ರಕೂಟರ ಕಾಲದ್ದು. ಅಲ್ಲಿಂದ ಇಟಗಿ ಹತ್ತಿರವೇ.

ಇಟಗಿಯ ಮಹಾದೇವ ಗುಡಿಯನ್ನು 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಅಂತಲೇ ಕರೆದಿದೆ, ಕಂಬಗಳನ್ನು ನೋಡಿದರೆ ಒಪ್ಪಲೇಬೇಕು. ಬಳಪದ ಕಲ್ಲು, ಅಷ್ಟು ನುಣುಪು, ಕೈ ಆಡಿಸಿದರೆ ತಣ್ಣಗೆ. ಮಹಾದೇವ ಅಲ್ಲೇ ಪಕ್ಕದಲ್ಲಿ ತನ್ನ ತಂದೆಯ ಹೆಸರಲ್ಲಿ ಮೂರ್ತಿನಾರಾಯಣ ಗುಡಿ, ತಾಯಿಯ ಹೆಸರಲ್ಲಿ ಚಂದ್ರಲೇಶ್ವರಿ ಗುಡಿ ಕಟ್ಟಿಸಿದ್ದ. ಇದನ್ನು ಓದಿಕೊಂಡು ಹೋಗಿದ್ದೆ, ಅವರಿಗೆ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಂಟಪದ ಕಟ್ಟೆ ಮೇಲೆ ಕೂತು ಮಾವನವರ ಬಗ್ಗೆ ಮಾತಾಡೋಕೆ ಶುರು ಮಾಡಿದರು. ಮಾವ ತೀರಿಕೊಂಡ ಮೇಲೆ ಇಷ್ಟು ಹೊತ್ತು ಅವರ ಬಗ್ಗೆ ಮಾತಾಡಿದ್ದು ನಾನು ಕೇಳೇ ಇರಲಿಲ್ಲ. ಚಿಕ್ಕವರಿದ್ದಾಗ ಕುಕನೂರು ಸಂತೆ ಮುಗಿಸಿ ಸೈಕಲ್ ಮೇಲೆ ಕೂರಿಸಿಕೊಂಡು ಇದೇ ಗುಡಿಗೆ ಕರೆತರುತ್ತಿದ್ದರಂತೆ, ಹೊಂಡದ ಮೆಟ್ಟಿಲ ಮೇಲೆ ಕೂತು ಇಬ್ಬರೂ ಮಂಡಕ್ಕಿ ತಿನ್ನುತ್ತಿದ್ದರಂತೆ.

ಮಾವ ನನ್ನ ಜೊತೆ ಜಾಸ್ತಿ ಮಾತಾಡಿದವರಲ್ಲ. ನಾನು ಸೊಸೆಯಾಗಿ ಬಂದಿದ್ದು ಅವರಿಗೆ ಅಷ್ಟು ಇಷ್ಟ ಇತ್ತೋ ಇಲ್ಲವೋ ಅಂತ ಒಳಗೊಳಗೇ ಒಂದು ಅಳುಕು ಇದ್ದೇ ಇತ್ತು. ಅದನ್ನು ಅವತ್ತು ಕೇಳಿಬಿಟ್ಟೆ. "ನಿನ್ನ ನೋಡಿ ಬಂದ ದಿನ ಬಸ್ಸಿನ್ಯಾಗ ಅಪ್ಪ ಒಂದ ಮಾತು ಅಂದಿದ್ರು: ಹುಡುಗಿ ಅಂಜದ ಮಾತಾಡ್ತಾಳ, ನಮ್ಮ ಮನಿಗೆ ಇಂಥಾಕೀನ ಬೇಕು" ಅಂದರು. ನನಗೆ ಅಳು ಬಂತು. ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ ಅಂದರೆ, "ನೀ ಯಾವತ್ತು ಕೇಳಿದಿ?" ಅಂದರು. ನಿಜ, ಕೇಳೋಕೆ ಹೊತ್ತಾದರೂ ಎಲ್ಲಿತ್ತು ಅಲ್ವಾ.

ಗುಡಿ ಹೊರಗೆ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ ಸ್ವಲ್ಪ ಗಟ್ಟಿಯಾಗಿತ್ತು, ಎಣಗಾಯಿ ರಸ ಹಿಡಿದು ರುಚಿ ಹೆಚ್ಚಾಗಿತ್ತು.

ವಾಪಸ್ ಬರುವಾಗ ಕಿನ್ನಾಳಕ್ಕೆ ಹೋದೆವು. ಅಲ್ಲಿ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆಯಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ ಜೋಡಿಸಿ, ಬಣ್ಣ ಹಚ್ಚುತ್ತಾರೆ. ಅತ್ತೆಗೆ ಒಂದು ಕಾಮಧೇನು ತಗೊಂಡೆವು, ನಮಗೆ ಜೋಡಿ ಗಿಳಿ.

ಮುಂದಿನ ವರ್ಷಕ್ಕೆ ಹಿರೇಬೆಣಕಲ್ ಗುಡ್ಡ ಹತ್ತಿ ಶಿಲಾಸಮಾಧಿಗಳನ್ನು ನೋಡೋಣ ಅಂತಾರೆ ಇವರು, ನನಗೆ ಆನೆಗೊಂದಿಯಲ್ಲಿ ಹೊಳೆ ದಂಡೆಗೆ ಕೂರಬೇಕು. ಯಾವುದೇ ಆಗಲಿ, ಅವತ್ತು ಅಂಗಡಿ ಬಾಗಿಲು ತೆಗೆಯಂಗಿಲ್ಲ ಅಂತ ಈಗಲೇ ಒಪ್ಪಿಸಿದ್ದೇನೆ.