ಮೆಕ್ಕೆಜೋಳದ ಊರಿನಲ್ಲಿ ಅಮೆರಿಕದ ಲಾಗರ್

ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ಅಮೆರಿಕದ ಸಾಮಾನ್ಯ ಬಿಯರ್ ಕ್ಯಾನ್ 355 ಮಿಲಿಲೀಟರಿನದು. ಐದು ಸೇರಿದರೆ 1,775, ಆರನೆಯದು ಮಿತಿ ದಾಟುತ್ತದೆ. ಓಹಿಯೋದಲ್ಲಿರುವ ನನ್ನ ತಮ್ಮನ ಮಗ ದಾವಣಗೆರೆಗೆ ಬರುವ ಮುನ್ನ ಯಾವ ಐದು ತರಲಿ ಎಂದು ಕೇಳಿದರೆ ನಾನು ಹೇಳುವುದು ಲಾಗರನ್ನೇ. ಅಲ್ಲಿನ ಕ್ರಾಫ್ಟ್ ಬ್ರೂವರಿಗಳಿಗೆ, ಅಂದರೆ ಸಣ್ಣ ಸ್ವತಂತ್ರ ಬಿಯರ್ ತಯಾರಕರಿಗೆ, ಹೆಸರು ತಂದ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರುಗಳಲ್ಲಿ ಹಾಪ್ ಹೂವಿನ ಕಹಿ ಮತ್ತು ಕಂಪು ಎಷ್ಟೋ ಸಣ್ಣಪುಟ್ಟ ದೋಷಗಳನ್ನು ಮುಚ್ಚಿಬಿಡುತ್ತವೆ, ಆದರೆ ತಿಳಿ ಬಣ್ಣದ ಲಾಗರಿನಲ್ಲಿ ಅಂಥ ಮರೆ ಇರುವುದಿಲ್ಲ. ತಣ್ಣಗೆ, ಸುಮಾರು 8ರಿಂದ 12 ಡಿಗ್ರಿಯಲ್ಲಿ, ನಿಧಾನವಾಗಿ ಹುದುಗಿಸಿ, ಆಮೇಲೆ ಸೊನ್ನೆಯ ಆಸುಪಾಸಿನಲ್ಲಿ ವಾರಗಟ್ಟಲೆ ಮಾಗಲು ಬಿಡುವ ಈ ಬಿಯರಿನಲ್ಲಿ ಮಾಡಿದವನ ಅವಸರವೂ ತಾಳ್ಮೆಯೂ ಮೊದಲ ಗುಟುಕಿಗೇ ತಿಳಿಯುತ್ತವೆ.

ಬಿಯರ್ ಸವಿದು ಅಂಕ ಕೊಡುವ ನಮ್ಮ ಸಣ್ಣ ಬಳಗದಲ್ಲಿ ಪ್ರತಿ ಸಲ ಏಳುವ ತಕರಾರು ಒಂದೇ: ಮೆಕ್ಕೆಜೋಳ ಹಾಕಿದ ಬಿಯರ್ ಬಿಯರೇ ಅಲ್ಲ, ಅದು ಕಲಬೆರಕೆ ಎಂಬುದು. ಮುಂಗಾರು ಬಿದ್ದ ಮೇಲೆ ಊರಿನ ಸುತ್ತಲಿನ ಖುಷ್ಕಿ ಹೊಲಗಳಲ್ಲೆಲ್ಲ ಮೆಕ್ಕೆಜೋಳವೇ ಕಾಣುವ, ಎಪಿಎಂಸಿ ಅಂಗಳದಲ್ಲಿ ಅದರ ರಾಶಿಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕಾದ ಜಿಲ್ಲೆಯವರಿಗೇ ಆ ಕಾಳಿನ ಮೇಲೆ ಇಷ್ಟು ತಾತ್ಸಾರವಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಅದು ಕೋಳಿ ಮೇವಿಗೂ ಸ್ಟಾರ್ಚ್ ಕಾರ್ಖಾನೆಗೂ ಹೋಗುವ ಸರಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದೇ ತಾತ್ಸಾರ ಅಮೆರಿಕದಲ್ಲಿಯೂ ಇತ್ತು. ಅಲ್ಲಿನ ಕ್ರಾಫ್ಟ್ ಬ್ರೂವರಿಗಳ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ 2012ರಲ್ಲಿ ಕ್ರಾಫ್ಟ್ ಅಲ್ಲದ ಬ್ರೂವರಿಗಳ ಪಟ್ಟಿಯೊಂದನ್ನು ಹೊರಡಿಸಿದಾಗ, 1829ರಿಂದ ಪೆನ್ಸಿಲ್ವೇನಿಯಾದ ಪಾಟ್ಸ್‌ವಿಲ್‌ನಲ್ಲಿ ಬಿಯರ್ ಮಾಡುತ್ತಿರುವ ಯಿಂಗ್ಲಿಂಗ್ ಮತ್ತು 1860ರಿಂದ ಮಿನ್ನೆಸೋಟದ ನ್ಯೂ ಅಲ್ಮ್‌ನಲ್ಲಿರುವ ಆಗಸ್ಟ್ ಶೆಲ್ ಎರಡೂ ಅದರಲ್ಲಿದ್ದವು. ತಲೆಮಾರುಗಳಿಂದ ಒಂದೇ ಕುಟುಂಬದ ಕೈಯಲ್ಲಿರುವ ಈ ಪ್ರಾದೇಶಿಕ ಬ್ರೂವರಿಗಳು ಮಾಡಿದ ಅಪರಾಧವೆಂದರೆ ಮೆಕ್ಕೆಜೋಳ ಬಳಸಿದ್ದು. ಶೆಲ್ ಕುಟುಂಬದವರು ಬಹಿರಂಗವಾಗಿಯೇ ಪ್ರತಿಭಟಿಸಿದರು. 2014ರಲ್ಲಿ ಸಂಘ ತನ್ನ ವ್ಯಾಖ್ಯೆಯನ್ನು ತಿದ್ದಿಕೊಂಡಿತು.

ಇತಿಹಾಸ ನೋಡಿದರೆ ಅದನ್ನು ಅಪರಾಧ ಎನ್ನುವುದಕ್ಕೆ ಆಧಾರವೇ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಹೋದ ಜರ್ಮನ್ನರು ತಮ್ಮ ಲಾಗರನ್ನು ಅಲ್ಲಿ ಮಾಡಹೊರಟಾಗ ಕೈಗೆ ಹೇರಳವಾಗಿ ಸಿಕ್ಕಿದ್ದು ಆರು ಸಾಲಿನ ತೆನೆಯ ಬಾರ್ಲಿ. ಅದರಲ್ಲಿ ಪ್ರೋಟೀನ್ ಹೆಚ್ಚು, ಹಾಗಾಗಿ ಬಿಯರ್ ಮಂಜು ಕಟ್ಟುತ್ತಿತ್ತು, ಬಾಯಿಗೂ ಒರಟಾಗುತ್ತಿತ್ತು. ಅದೇ ಬಾರ್ಲಿಯಲ್ಲಿ ಗಂಜಿಯನ್ನು ಸಕ್ಕರೆಯಾಗಿಸುವ ಕಿಣ್ವಗಳೂ ಬೇಕಾದಷ್ಟಿದ್ದುದರಿಂದ, ಪ್ರೋಟೀನ್ ಕಡಿಮೆಯಿರುವ ಮೆಕ್ಕೆಜೋಳವನ್ನೋ ಅಕ್ಕಿಯನ್ನೋ ಒಂದು ಪಾಲು ಸೇರಿಸಿ ಅದನ್ನು ಹಗುರ ಮಾಡಿದರು. ಇದು ಸುಲಭದ ಕೆಲಸವೇನೂ ಅಲ್ಲ. ಮೆಕ್ಕೆಜೋಳದ ಮೊಳಕೆಮೂತಿಯಲ್ಲಿ ಎಣ್ಣೆಯಿದೆ, ಎಣ್ಣೆ ಸೇರಿದರೆ ನೊರೆ ನಿಲ್ಲದು. ಆದ್ದರಿಂದ ಮೂತಿ ತೆಗೆದು, ಉಳಿದದ್ದನ್ನು ನುಚ್ಚು ಮಾಡಿ, ಸ್ವಲ್ಪ ಮಾಲ್ಟಿನೊಂದಿಗೆ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬೇರೆ ಪಾತ್ರೆಯಲ್ಲಿ ಬೇಯಿಸಿಯೇ ದೊಡ್ಡ ಹಂಡೆಗೆ ಸೇರಿಸಬೇಕು. ಬರಿಯ ಅಗ್ಗದ ಆಸೆಗೆ ಅದನ್ನು ಸುರಿಯುವವರೂ ಇದ್ದಾರೆ, ಅಂಥವರ ಬಿಯರನ್ನು ಕುಡಿದು ತಿರಸ್ಕರಿಸೋಣ.

ಕುಡಿದು ಹೇಳುವ ವಿಷಯದಲ್ಲಿಯೇ ಒಂದು ದೊಡ್ಡ ಗೊಂದಲವಿದೆ. ಲಾಗರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದ ಕೂಡಲೇ ನಮ್ಮವರಲ್ಲಿ ಒಬ್ಬರಾದರೂ "ನೋಡಿ, ಹಾಕಿದ್ದಾರೆ" ಎನ್ನುತ್ತಾರೆ. ಮಳೆಗಾಲದ ಸಂಜೆ ತಳ್ಳುಗಾಡಿಯವನು ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಸಿಹಿ ಹಬೆ ಇದೆಯಲ್ಲ, ಅದೇ ವಾಸನೆ. ಆದರೆ ಅದಕ್ಕೆ ಕಾರಣ ಡೈಮೀಥೈಲ್ ಸಲ್ಫೈಡ್, ಮತ್ತು ಅದು ಹುಟ್ಟುವುದು ಬಾರ್ಲಿಯಿಂದ. ಕಡಿಮೆ ಕಾವಿನಲ್ಲಿ ಒಣಗಿಸಿದ ತಿಳಿ ಮಾಲ್ಟಿನಲ್ಲಿ ಅದರ ಮೂಲದ್ರವ್ಯ ಉಳಿದಿರುತ್ತದೆ. ಕುದಿ ಸಾಲದೆ ಹೋದರೆ, ಹಬೆ ಹೊರಹೋಗಲು ಬಿಡದಿದ್ದರೆ, ಅಥವಾ ಕುದಿಸಿದ ರಸವನ್ನು ಬೇಗ ತಣಿಸದಿದ್ದರೆ ಬಿಯರಿನಲ್ಲಿ ಉಳಿದುಕೊಳ್ಳುತ್ತದೆ. ಮೆಕ್ಕೆಜೋಳದ ಒಂದು ಕಾಳೂ ಹಾಕದ ಅಪ್ಪಟ ಬಾರ್ಲಿ ಲಾಗರಿನಲ್ಲಿ ಆ ವಾಸನೆ ಹೊಡೆಯುವುದುಂಟು, ನುಚ್ಚು ಹಾಕಿ ಚೆನ್ನಾಗಿ ಕುದಿಸಿದ ಬಿಯರಿನಲ್ಲಿ ಅದರ ಸುಳಿವೂ ಇರದಿರುವುದುಂಟು.

ಅಂಕ ಕೊಡಲು ನಾವು ಬಳಸುವುದು ಬಿಯರ್ ತೀರ್ಪುಗಾರರನ್ನು ಪರೀಕ್ಷಿಸಿ ಮಾನ್ಯ ಮಾಡುವ ಬಿಜೆಸಿಪಿ ಸಂಸ್ಥೆಯ 50 ಅಂಕಗಳ ಪಟ್ಟಿ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ 3 ಮಾತ್ರವೇ ಇರುವುದು ನ್ಯಾಯ, ಏಕೆಂದರೆ ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದ ಲೋಟದ ಬಿಳಿ ಕಲೆ ಯಾವ ಬಿಯರಿನ ಚೆಲುವನ್ನೂ ಕೆಡಿಸಬಲ್ಲದು. ಲೋಟದ ಒಳಗೋಡೆಯಲ್ಲಿ ಒಂದೇ ಕಡೆ ಗುಳ್ಳೆಗಳು ಅಂಟಿಕೊಂಡು ನಿಂತರೆ ಅಲ್ಲಿ ಜಿಡ್ಡೋ ಕಲೆಯೋ ಇದೆಯೆಂದು ತಿಳಿದು ಮತ್ತೆ ತೊಳೆಯುತ್ತೇವೆ. ಬಿಸಿಲುಗಾಲದಲ್ಲಿ ಹಲ್ಲು ಜುಂ ಎನ್ನುವಷ್ಟು ತಣ್ಣಗೆ ಕುಡಿಯಬೇಕೆನಿಸುವುದು ಸಹಜ, ಆದರೆ ಆಗ ನಾಲಿಗೆಗೆ ಏನೂ ತಿಳಿಯುವುದಿಲ್ಲ. 6 ಅಥವಾ 7 ಡಿಗ್ರಿಗೆ ಬರುವವರೆಗೆ ಕಾಯುವುದು ಲೇಸು. ಈ ಊರಿನ ಏಪ್ರಿಲ್‌ನಲ್ಲಿ ಹೆಚ್ಚು ಹೊತ್ತು ಕಾಯಬೇಕಾಗಿಯೂ ಇಲ್ಲ. ನಡುವೆ ನಾಲಿಗೆ ಶುಚಿ ಮಾಡಲು ಒಗ್ಗರಣೆ ಹಾಕದ ಬರಿ ಮಂಡಕ್ಕಿ. ಮಿರ್ಚಿಯನ್ನು ಪಟ್ಟಿ ಭರ್ತಿಯಾಗುವ ತನಕ ಅಡುಗೆಮನೆಯಿಂದ ಹೊರಗೆ ತರುವ ಹಾಗಿಲ್ಲ.

ಹುಡುಗ ತಂದ ಐದರಲ್ಲಿ ಮೊದಲು ತೆರೆದದ್ದು ಯಿಂಗ್ಲಿಂಗ್ ಟ್ರೆಡಿಷನಲ್ ಲಾಗರ್, ಮದ್ಯಸಾರ 4.5 ಶೇಕಡಾ. ಜೇನುಗೆಂಪು ಬಣ್ಣ, ಸುಟ್ಟ ಸಕ್ಕರೆಯ ತೆಳುವಾದ ಸಿಹಿ, ಹೆಸರಿಗೆ ಮಾತ್ರ ಕಹಿ. "ಸ್ಟ್ರಾಂಗ್" ಬಿಟ್ಟು ಬೇರೆ ಬಿಯರ್ ಮುಟ್ಟದ ಗೆಳೆಯರೊಬ್ಬರು ಸಪ್ಪೆ ಎಂದು ಲೋಟ ಕೆಳಗಿಟ್ಟರು. ನಾನು ಗಮನಿಸಿದ್ದು ಗಂಟಲಿಗಿಳಿದ ಮೇಲಿನ ಕ್ಷಣವನ್ನು: ಸಿಹಿ ಅಂಟದೆ ಚೊಕ್ಕವಾಗಿ ಕಡಿದುಹೋಗುತ್ತದೆ, ಮುಂದಿನ ಗುಟುಕಿಗೆ ಬಾಯಿ ಖಾಲಿಯಾಗಿರುತ್ತದೆ. ಮೆಕ್ಕೆಜೋಳ ಮಾಡಬೇಕಾದ ಕೆಲಸವೇ ಅದು. 34 ಕೊಟ್ಟೆ.

ವಿಕ್ಟರಿ ಬ್ರೂವರಿಯ ಪ್ರೈಮಾ ಪಿಲ್ಸ್ ಇದಕ್ಕೆ ತೀರ ಎದುರು ದಿಕ್ಕಿನದು. ಅಪ್ಪಟ ಮಾಲ್ಟ್, ಪುಡಿಗಟ್ಟಿಸದ ಇಡೀ ಹಾಪ್ ಹೂಗಳು, ಹಸಿ ಹುಲ್ಲು ಮತ್ತು ನಿಂಬೆ ಸಿಪ್ಪೆಯನ್ನು ನೆನಪಿಸುವ ಚುರುಕು ಕಹಿ. ನನಗೆ ಹಿಡಿಸಿತು, ಆದರೆ ಮೊದಲ ಸಲ ಲಾಗರ್ ಕುಡಿಯುವವರಿಗೆ ಕೊಡಲಾರೆ.

ಬ್ರೂಕ್ಲಿನ್ ಲಾಗರಿನ ಬಗ್ಗೆ ನನಗೆ ಎರಡು ಮನಸ್ಸು. ಹುದುಗು ಮುಗಿದ ಮೇಲೆ ಮತ್ತೆ ಹಾಪ್ ಹಾಕುವುದರಿಂದ ಹೂವಿನ ಕಂಪು ಮುಂದೆ ಬಂದು, ಒಳಗಿನ ಮಾಲ್ಟ್ ಹಿಂದೆ ಸರಿದು ನಿಲ್ಲುತ್ತದೆ. ಬಿಯರ್ ಒಳ್ಳೆಯದೇ, ಆದರೆ ನಾನು ಲಾಗರಿನಲ್ಲಿ ಹುಡುಕುವುದು ಇದನ್ನಲ್ಲ. ಸ್ವಾರಸ್ಯವೆಂದರೆ, ಸ್ಟೀವ್ ಹಿಂಡಿ ಮತ್ತು ಟಾಮ್ ಪಾಟರ್ 1988ರಲ್ಲಿ ಈ ಕಂಪನಿ ಆರಂಭಿಸಿದಾಗ ಬಿಯರ್ ತಯಾರಾಗುತ್ತಿದ್ದದ್ದು ಬ್ರೂಕ್ಲಿನ್‌ನಲ್ಲಿ ಅಲ್ಲ, ನ್ಯೂಯಾರ್ಕ್ ರಾಜ್ಯದ ಯುಟಿಕಾದ ಎಫ್.ಎಕ್ಸ್. ಮ್ಯಾಟ್ ಎಂಬ ಹಳೆಯ ಪ್ರಾದೇಶಿಕ ಬ್ರೂವರಿಯಲ್ಲಿ. ಕ್ರಾಫ್ಟ್ ಒಂದು ಜಾತಿ, ಪ್ರಾದೇಶಿಕ ಇನ್ನೊಂದು ಜಾತಿ ಎಂದು ಗೆರೆ ಎಳೆಯುವವರು ಇದನ್ನು ನೆನಪಿಡಬೇಕು.

ಹೆಚ್ಚು ಹೊತ್ತು ಕೈಯಲ್ಲಿ ಹಿಡಿದು ಕುಳಿತದ್ದು ಕ್ಲೀವ್‌ಲ್ಯಾಂಡಿನ ಗ್ರೇಟ್ ಲೇಕ್ಸ್ ಬ್ರೂವರಿಯ ಡಾರ್ಟ್‌ಮಂಡರ್ ಗೋಲ್ಡ್, 5.8 ಶೇಕಡಾ. ಮೊದಲು ಇದಕ್ಕೆ ಬೇರೆ ಹೆಸರಿತ್ತು. 1990ರ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಲ್ಲಿ ಚಿನ್ನ ಗೆದ್ದ ಮೇಲೆ ಈ ಹೆಸರು ಬಂತು. ಬಿಸ್ಕತ್ತಿನ ಪರಿಮಳದ ಮಾಲ್ಟ್ ಮೊದಲು ನಾಲಿಗೆಯ ಮೇಲೆ ಹರಡುತ್ತದೆ, ಇನ್ನೇನು ಸಿಹಿಯಾಯಿತು ಎನ್ನುವಷ್ಟರಲ್ಲಿ ಕಹಿ ಬಂದು ತಡೆಯುತ್ತದೆ, ಕೊನೆಗೆ ಎರಡೂ ಒಟ್ಟಿಗೆ ಇಳಿಯುತ್ತವೆ. ಲೋಟ ಬಿಸಿಯಾಗುತ್ತ ಬಂದರೂ ಈ ತೂಕ ತಪ್ಪಲಿಲ್ಲ. ನೊರೆಯ ಜಾಲರಿ ಗುಟುಕು ಗುಟುಕಿಗೂ ಒಂದೊಂದು ಗೆರೆಯಾಗಿ ಗಾಜಿಗೆ ಅಂಟಿತು. 41 ಕೊಟ್ಟೆ, ಸ್ಟ್ರಾಂಗ್ ಗೆಳೆಯರೂ ಹತ್ತಿರ ಹತ್ತಿರ ಅಷ್ಟೇ ಕೊಟ್ಟರು.

ಐದನೆಯದರ ಹೆಸರು ಹೇಳುವುದಿಲ್ಲ. ಅದರಲ್ಲಿ ಒದ್ದೆ ಕಾಗದದ ವಾಸನೆಯಿತ್ತು, ಅಂದರೆ ಆಮ್ಲಜನಕ ತನ್ನ ಕೆಲಸ ಮುಗಿಸಿತ್ತು. ಶಾಖ ಹತ್ತು ಡಿಗ್ರಿ ಏರಿದರೆ ಬಿಯರ್ ಹಳತಾಗುವ ವೇಗ ಸರಿಸುಮಾರು ಎರಡು ಮೂರು ಪಟ್ಟಾಗುತ್ತದೆ. ಗೋದಾಮು, ಪೆಟ್ಟಿಗೆ, ಬೆಂಗಳೂರಿನಿಂದ ಬಂದ ಕಾರಿನ ಡಿಕ್ಕಿ, ಇವುಗಳಲ್ಲಿ ಯಾವುದು ಕೆಡಿಸಿತೋ, ಮಾಡಿದವರ ತಲೆಗೆ ಕಟ್ಟುವುದು ಸರಿಯಲ್ಲ. ಬೆಣ್ಣೆಯ ವಾಸನೆಯಾಗಿದ್ದರೆ ಕಟ್ಟಬಹುದಿತ್ತು, ಏಕೆಂದರೆ ಡೈಅಸಿಟೈಲ್ ಹೆಚ್ಚಾಗಿ ಉಳಿಯುವುದು ಯೀಸ್ಟ್ ಅದನ್ನು ಮರಳಿ ಹೀರಿಕೊಳ್ಳುವ ಮೊದಲೇ ಅವಸರಪಟ್ಟು ತಣಿಸಿದಾಗ. ಬೆಣ್ಣೆ ದೋಸೆಯ ಊರಿನವರನ್ನು ಅದು ದೋಷವೆಂದು ಒಪ್ಪಿಸುವುದೇ ಒಂದು ಸಾಹಸ ಎನ್ನುವುದು ಬೇರೆ ಮಾತು.

ಮುಂದಿನ ಸಲಕ್ಕೆ ಶೆಲ್‌ನವರ ಡೀರ್ ಬ್ರ್ಯಾಂಡ್ ಕೇಳಿದ್ದೇನೆ. ಅದೂ ಮೆಕ್ಕೆಜೋಳದ ಲಾಗರೇ, 1920ರ ಪಾನನಿಷೇಧಕ್ಕೂ ಮುಂಚಿನ ಮಾದರಿಯದು. ಓಹಿಯೋದಲ್ಲಿ ಸಿಗುವುದು ಕಷ್ಟ ಎನ್ನುತ್ತಾನೆ ಹುಡುಗ. ಮಿನ್ನೆಸೋಟದ ಕಡೆಯಿಂದ ಬರುವವರು ಯಾರಾದರೂ ಸಿಕ್ಕರೆ ಎರಡು ಕ್ಯಾನ್ ಹೇಳಿಬಿಡುತ್ತೇನೆ.