ನಡಾವಳಿಯಲ್ಲಿ ಬರೆಯಲಾಗದ ಐದು ನಿಮಿಷ

ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಐಟಿಐಯಲ್ಲಿ ಫಿಟ್ಟರ್ ವಿಭಾಗದ ಕಿರಿಯ ತರಬೇತಿ ಅಧಿಕಾರಿಯಾಗಿರುವ ನನಗೆ ಐಎಂಸಿಯ, ಅಂದರೆ ಸ್ಥಳೀಯ ಉದ್ಯಮದವರೂ ಇರುವ ಸಂಸ್ಥೆಯ ನಿರ್ವಹಣಾ ಸಮಿತಿಯ, ಸಭೆಯ ನಡಾವಳಿ ಬರೆಯುವ ಕೆಲಸವೂ ಅಂಟಿಕೊಂಡಿದೆ. ‘ವಿಸ್ತೃತವಾಗಿ ಚರ್ಚಿಸಲಾಯಿತು’ ಎಂದು ನಾನು ಒಂದೇ ಸಾಲಿನಲ್ಲಿ ಮುಗಿಸಿದ ಭಾಗವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಅಂದಿನ ವಿಷಯ ಸಿಎನ್‌ಸಿ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರದ ಕೆಲಸವನ್ನು ಪರದೆಯ ಮೇಲೆ ಅಭ್ಯಾಸ ಮಾಡಿಸುವ ಸಾಧನದ ಖರೀದಿ. ಕೋಟೇಷನ್‌ಗಳ ಕಡತ ಇನ್ನೂ ಕೈಯಿಂದ ಕೈಗೆ ಹೋಗುತ್ತಿರುವಾಗಲೇ ಮಷಿನ್ ಶಾಪ್ ಮಾಲೀಕರೊಬ್ಬರು, ನಮ್ಮ ಹುಡುಗರಿಗೆ ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಓದಲೂ ಬರುವುದಿಲ್ಲವೆಂದು ದೂರತೊಡಗಿದರು. ಉಳಿದವರು ತಲೆಯಾಡಿಸಿದರು, ಪ್ರಾಂಶುಪಾಲರು ನನ್ನತ್ತ ನೋಡಿದರು. ಖಾಲಿ ಹುದ್ದೆಗಳು, ಹಳೆಯ ಲೇತ್‌ಗಳು, ಕಚ್ಚಾವಸ್ತುವಿಗೆ ಬಾರದ ಅನುದಾನ ಎಂಬ ನನ್ನ ಎಂದಿನ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ, ಕೋರಂ ತುಂಬಲಷ್ಟೇ ಬರುವವರೆಂದು ನಾನು ಎಣಿಸಿದ್ದ ಅಕ್ಕಿ ಗಿರಣಿಯ ಯಜಮಾನರು ಬಾಯಿ ತೆರೆದರು: “ಇಲ್ಲಿ ಕುಂತೋರಾಗ ಅಪ್ರೆಂಟಿಸ್ ತಗೊಂಡೋರು ಎಷ್ಟ್ ಮಂದಿ?”

ಒಬ್ಬರು ಮೊಬೈಲ್ ತೆಗೆದರು. ಮಷಿನ್ ಶಾಪಿನವರು, ತಮ್ಮದು ಸಣ್ಣ ಘಟಕ, ಅಪ್ರೆಂಟಿಸ್ ಕಾಯ್ದೆ ತಮಗೆ ಅನ್ವಯಿಸದು ಎಂದರು. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಘಟಕ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ 2019ರ ನಿಯಮ ತಿದ್ದುಪಡಿ ಅವರಿಗೂ ಗೊತ್ತಿತ್ತು. ಆದರೆ ಇಬ್ಬರಿಗೂ ಆಳು ಒದಗಿಸುವ ಗುತ್ತಿಗೆದಾರ ಒಬ್ಬನೇ ಆದ್ದರಿಂದ ಗಿರಣಿಯವರಿಗೆ ಮಷಿನ್ ಶಾಪಿನ ತಲೆ ಲೆಕ್ಕವೂ ಗೊತ್ತಿತ್ತು. ಗಿರಣಿಯವರು ಆ ಸಂಖ್ಯೆಯನ್ನು ಸಭೆಯಲ್ಲಿಯೇ ಹೇಳಿದರು. ನಾನು ಅದನ್ನು ಬರೆದುಕೊಂಡು, ಪ್ರಾಂಶುಪಾಲರ ಮುಖ ನೋಡಿ, ಹೊಡೆದುಹಾಕಿದೆ.

2007-08ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೇಂದ್ರ ಸರ್ಕಾರ 1396 ಸರ್ಕಾರಿ ಐಟಿಐಗಳ ಗುರಿಯಿಟ್ಟುಕೊಂಡು, ತಲಾ 2.5 ಕೋಟಿ ರೂಪಾಯಿಗಳವರೆಗೆ ಬಡ್ಡಿರಹಿತ ಸಾಲ ಕೊಟ್ಟು ಇಂಥ ಸಮಿತಿಗಳನ್ನು ಕಟ್ಟಿಸಿದಾಗ, ಉದ್ಯಮದವರನ್ನೇ ಅಧ್ಯಕ್ಷರನ್ನಾಗಿಸಿ, ಶೇ. 20ರವರೆಗಿನ ಸೀಟುಗಳನ್ನೂ ಸಮಿತಿಯ ಕೈಗೆ ಬಿಟ್ಟಿತ್ತು. ಊರಿನ ಯಂತ್ರಗಳನ್ನು ಬಲ್ಲವರು ಊರಿನ ಹುಡುಗರನ್ನು ತಯಾರು ಮಾಡಲಿ ಎಂಬ ಆ ಲೆಕ್ಕಾಚಾರ ತಪ್ಪೇನಲ್ಲ. ನಮ್ಮಲ್ಲಿ ಮಾತ್ರ ಸಮಿತಿ ಎಂದರೆ ಸಿದ್ಧ ಕೆಲಸಗಾರರನ್ನು ಆರ್ಡರ್ ಮಾಡುವ ಕೌಂಟರ್ ಆಗಿದೆ. ಫಿಟ್ಟರ್ ಟ್ರೇಡಿನ ಎರಡು ವರ್ಷದ ಪಠ್ಯಕ್ರಮ ದೇಶಕ್ಕೆಲ್ಲ ಒಂದೇ. ಹಂಗಾಮಿನ ನಡುವೆ ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲ್ ಶೆಲ್ಲರ್ ನಿಂತರೆ ಗಿರಣಿಗೆ ಏನಾಗುತ್ತದೆಂಬುದು ಅದರಲ್ಲಿಲ್ಲ. ಅದನ್ನು ಗಿರಣಿಯೊಳಗೇ ಕಲಿಯಬೇಕು. ಪಾಠ ಐಟಿಐಯಲ್ಲಿ, ಕೈಕೆಲಸ ಕಾರ್ಖಾನೆಯಲ್ಲಿ ಎಂಬ ಡಿಎಸ್‌ಟಿ ವ್ಯವಸ್ಥೆ ಇರುವುದು ಇದಕ್ಕಾಗಿಯೇ, ಆದರೆ ಅದರ ಒಡಂಬಡಿಕೆಗೆ ಸಹಿ ಹಾಕಬೇಕಾದವರು ಸಮೋಸ ಮುಗಿದೊಡನೆ ಎದ್ದುಬಿಡುತ್ತಾರೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಮುಚ್ಚಿದಾಗ ಹೋದದ್ದು ಬರಿಯ ನೌಕರಿಗಳಲ್ಲ, ಹೊಸಬರ ಕೈ ಪಳಗಿಸುವ ಜಾಗವೂ ಹೋಯಿತು ಎಂಬುದು ನನ್ನ ಅಭಿಪ್ರಾಯ. ಸಿಮ್ಯುಲೇಟರ್ ಆ ಜಾಗವನ್ನು ತುಂಬುವುದಿಲ್ಲ.

ಖರೀದಿಯನ್ನು ಮುಂದೂಡಲಾಯಿತು. ಪ್ರತಿಯೊಬ್ಬ ಉದ್ಯಮ ಸದಸ್ಯರೂ ಕನಿಷ್ಠ ಇಬ್ಬರನ್ನು ತೆಗೆದುಕೊಳ್ಳಬೇಕೆಂಬ ನಿರ್ಣಯವಾಯಿತು; ಮಷಿನ್ ಶಾಪಿನವರು ಮುಂದಿನ ಸಭೆಗೆ ಬರಲಿಲ್ಲ. ಗಿರಣಿಗೆ ಹೋದ ನಮ್ಮ ಹುಡುಗರು ಈಗ ಧಾನ್ಯ ಮೇಲೆತ್ತುವ ಎಲಿವೇಟರ್‌ನ ಬೆಲ್ಟ್ ಸರಿಪಡಿಸುತ್ತಾರೆ, ಬೇರಿಂಗ್ ಬದಲಿಸುತ್ತಾರೆ. ಅವರಲ್ಲೊಬ್ಬನ ಅಪ್ರೆಂಟಿಸ್ ಒಪ್ಪಂದ ಮಾತ್ರ, ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಮುಂದಿದ್ದು ಅಂಕಪಟ್ಟಿಯಲ್ಲಿ ಹಿಂದಿದೆ ಎಂಬ ಕಾರಣಕ್ಕೆ, ಪೋರ್ಟಲ್‌ನಲ್ಲಿ ಇನ್ನೂ ‘ಪೆಂಡಿಂಗ್’ ಎಂದೇ ತೋರಿಸುತ್ತಿದೆ.