ಟೆಂಪ್ ಫೋಲ್ಡರನ್ನ ರ‍್ಯಾಮ್‌ಗೆ ಹಾಕಿ ಪಟ್ಟ ಪಾಡು

ಲಿನಕ್ಸಲ್ಲಿ ಟೆಂಪ್ ಫೋಲ್ಡರನ್ನ (ಪ್ರೋಗ್ರಾಮ್‌ಗಳು ತಾತ್ಕಾಲಿಕ ಫೈಲ್ ಇಡೋ ಜಾಗ) ರ‍್ಯಾಮಲ್ಲೇ ಇಡ್ಬೇಕು ಅಂತ ಬಹಳ ದಿನದಿಂದ ತಲೇಲಿತ್ತು, ಮೊನ್ನೆ ರಾತ್ರಿ ಕೂತು ಮಾಡೇಬಿಟ್ಟೆ. ಎಫ್‌ಎಸ್‌ಟ್ಯಾಬ್ ಫೈಲಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕು ಎಲ್ಲಿ ಜೋಡಿಸ್ಬೇಕು ಅನ್ನೋ ಪಟ್ಟಿ) ಟಿಎಂಪಿಎಫ್‌ಎಸ್ (ಮೆಮೊರೀಲೇ ಫೈಲ್ ಇಡೋ ವ್ಯವಸ್ಥೆ) ಅಂತ ಒಂದು ಸಾಲು ಸೇರ್ಸಿದ್ರೆ ಮುಗೀತು, ಆದ್ರೆ ಸೈಜ್ ಬರೀದೆ ಬಿಟ್ರೆ ಇರೋ ರ‍್ಯಾಮಲ್ಲಿ ಅರ್ಧದವರೆಗೂ ಅದು ಬೆಳೀಬೋದು, ನಂದು 8 ಜಿಬಿ ಮಷೀನು, ಅದಕ್ಕೇ 2 ಜಿಬಿ ಮಿತಿ ಹಾಕ್ದೆ. ಹಂಗಂತ ಆ 2 ಜಿಬಿ ಮೊದ್ಲೇ ಹೋಗ್ಬಿಡತ್ತೆ ಅಂತಲ್ಲ, ಒಳಗೆ ಫೈಲ್ ಎಷ್ಟಿದ್ಯೋ ಅಷ್ಟೇ ಜಾಗ.

ಎಡವಟ್ಟಾಗಿದ್ದು ಸ್ವಾಪ್ (ಮೆಮೊರಿ ಸಾಲ್ದಾಗ ಬಳಸೋ ಡಿಸ್ಕ್ ಜಾಗ) ಇಲ್ದೇ ಇದ್ದಿದ್ದು. ರ‍್ಯಾಮ್ ತುಂಬಿದಾಗ ಟಿಎಂಪಿಎಫ್‌ಎಸ್‌ನಲ್ಲಿರೋದು ಸ್ವಾಪ್‌ಗೆ ಹೋಗ್ಬೇಕು, ಅದೇ ಇಲ್ಲ ಅಂದ್ರೆ ಕರ್ನಲ್ (ಲಿನಕ್ಸಿನ ತಿರುಳು) ಯಾವ್ದೋ ಒಂದು ಪ್ರೋಗ್ರಾಮನ್ನ ಕೊಂದುಹಾಕತ್ತೆ, ನಂಗೆ ಬ್ರೌಸರ್ ಹೋಯ್ತು, ತೆಗೆದಿಟ್ಟ ಟ್ಯಾಬೆಲ್ಲ ಸಮೇತ!

ಆಮೇಲೆ ಸ್ವಾಪ್‌ಗೆ ಅಂತ ಡಿಡಿ ಕಮಾಂಡಲ್ಲಿ 4 ಜಿಬಿ ಫೈಲ್ ಮಾಡಿ, ಪರ್ಮಿಷನ್ 600 ಕೊಟ್ಟು (ಅಂದ್ರೆ ಓನರ್ ಮಾತ್ರ ಓದಿ ಬರೀಬೋದು; ಬೇರೆ ಯೂಸರ್ ಓದೋ ಹಾಗಿದ್ರೆ ಮೆಮೊರೀಲಿದ್ದ ಪಾಸ್‌ವರ್ಡೂ ಸಿಕ್ಬಿಡಬೋದು), ಅದನ್ನ ಸ್ವಾಪ್ ಆಗಿ ಸಿದ್ಧ ಮಾಡೋ ಎಂಕೆಸ್ವಾಪ್, ಚಾಲೂ ಮಾಡೋ ಸ್ವಾಪ್‌ಆನ್ ಕಮಾಂಡ್ ಹೊಡ್ದೆ. ಇದನ್ನೂ ಎಫ್‌ಎಸ್‌ಟ್ಯಾಬ್‌ಗೆ ಸೇರ್ಸಿ, ಇಲ್ಲಾಂದ್ರೆ ರೀಬೂಟ್ ಆದ್ಮೇಲೆ ಮತ್ತೆ ಅದೇ ಕಥೆ. ಸ್ವಾಪಿನೆಸ್ (ಸ್ವಾಪನ್ನ ಎಷ್ಟು ಬಳಸ್ಬೇಕು ಅನ್ನೋ ಸೆಟ್ಟಿಂಗ್) ಸಾಮಾನ್ಯವಾಗಿ 60 ಇರತ್ತೆ, 10ಕ್ಕೆ ಇಳ್ಸಿ ಅಂತ ಸುಮಾರು ಜನ ಹೇಳ್ತಾರೆ, ನಾನಂತೂ ಮುಟ್ಟಿಲ್ಲ.

ಹಾಂ, ಮಷೀನ್ ಆಫ್ ಆದ್ರೆ ಟೆಂಪ್‌ನಲ್ಲಿದ್ದಿದ್ದೆಲ್ಲ ಮಾಯ, ಡೌನ್‌ಲೋಡ್ ಗೀನ್‌ಲೋಡ್ ಅಲ್ಲಿ ಇಡ್ಬೇಡಿ.